ತುಂಬದೆ ಮುಚ್ಚಿದ ಬಾವಿ

ಕೆಂಚಯ್ಯ ಬಿನ್ ಲೇಟ್ ದ್ಯಾವಯ್ಯ, 61 ವರ್ಷ, ಗಾರೆ ಕೆಲಸ, ವಾಸ: ಕೆರೆಬಾಗಿಲು 3ನೇ ಅಡ್ಡರಸ್ತೆ, ಹಾಸನ ಟೌನ್. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಹಾಜರಾಗಿ ತಿಳಿಸುವುದೇನೆಂದರೆ:

ನಮ್ಮ ಬೀದಿಯ ಅಂಚಿನಲ್ಲಿ ಸುಮಾರು ಮೂವತ್ತು ಅಡಿ ಆಳದ ಬಾವಿ ಇತ್ತು. 2011ರಲ್ಲಿ ರಸ್ತೆ ಅಗಲ ಮಾಡುವಾಗ ಅದಕ್ಕೆ ಮಣ್ಣು ತುಂಬುವ ಕೆಲಸವನ್ನು ಗುತ್ತಿಗೆದಾರರು ನನಗೆ ವಹಿಸಿದರು. ನನ್ನ ತಾಯಿ ಅಡ್ಡ ಬಂದು, "ಗಂಗಮ್ಮನ ಬಾಯ್ಗೆ ಮಣ್ಣಾಕ್ಬ್ಯಾಡ ಕಣ್ಲಾ, ಉಸ್ರಾಡಕ್ಕೆ ಬುಡು" ಎಂದು ಅತ್ತರು. ಆ ನೀರು ಕುಡಿದೇ ಬೆಳೆದವನಾದ್ದರಿಂದ ನನಗೂ ಮನಸ್ಸು ಬರಲಿಲ್ಲ. ಬಾವಿಯ ಮೇಲೆ ಐದು ಚಪ್ಪಡಿ ಹೊದಿಸಿ, ಗಾಳಿಗೆಂದು ಚರಂಡಿ ಪಕ್ಕ ಒಂದು ಪೈಪು ಬಿಟ್ಟು, ಮಣ್ಣು ಹರಡಿದೆ. ಪೂರ್ತಿ ತುಂಬಿದ್ದೇನೆ ಎಂದು ಗುತ್ತಿಗೆದಾರರಿಗೆ ಸುಳ್ಳು ಹೇಳಿದೆ. ಬೀದಿಯವರೂ ಹಾಗೆಯೇ ನಂಬಿದರು. ತಾಯಿ ತೀರಿಕೊಂಡ ಮೇಲೆ ಇದು ನನಗೊಬ್ಬನಿಗೇ ಗೊತ್ತಿತ್ತು. ಈಚೆಗೆ ಒಂದು ತಿಂಗಳಿಂದ ಅಲ್ಲೇ ನೀರಿನ ಪೈಪು ಸೋರಿ ಮಣ್ಣು ಕೊಚ್ಚಿಹೋಗುತ್ತಿತ್ತು. ನೋಡಿಯೂ ಸುಮ್ಮನಿದ್ದೆ.

ದಿನಾಂಕ 12-08-2024ರಂದು ಬೆಳಿಗ್ಗೆ 9-40ಕ್ಕೆ ಎದುರು ಮನೆಯ ಸುಬ್ಬಮ್ಮ, 54 ವರ್ಷ, ಆ ಜಾಗದಲ್ಲಿ ಸೊಪ್ಪಿನ ಬುಟ್ಟಿ ಇಳಿಸುತ್ತಿದ್ದಾಗ ನೆಲ ಕುಸಿಯಿತು. ಇಪ್ಪತ್ತು ಅಡಿ ದೂರದಲ್ಲಿದ್ದ ನಾನು ಓಡಿಹೋಗಿ ನೋಡಲಾಗಿ, ಎರಡು ಚಪ್ಪಡಿ ಒಳಕ್ಕೆ ಬಿದ್ದು ಅಡ್ಡ ಸಿಕ್ಕಿಕೊಂಡಿದ್ದವು. ಅವುಗಳ ಮೇಲೆ, ಹನ್ನೆರಡು ಅಡಿ ಕೆಳಗೆ, ಆಕೆ ಸೊಂಟದವರೆಗೆ ಮಣ್ಣಲ್ಲಿ ಹೂತುಹೋಗಿದ್ದರು. ಉಳಿದ ಮೂರು ಚಪ್ಪಡಿ ಮಣ್ಣು ಮುಚ್ಚಿಕೊಂಡು, ಬೇರೆಯವರಿಗೆ ಕಾಣದಂತೆ, ಬಾವಿಯ ಬಾಯಲ್ಲೇ ಆಕೆಯ ನೆತ್ತಿಗೆ ನೇರವಾಗಿ ಇದ್ದವು. "ಅಳ್ಳಾಡಕ್ಕಾಯ್ತಿಲ್ಲ ಕೆಂಚಣ್ಣ, ಬುಟ್ಟು ಓಗ್ಬ್ಯಾಡ" ಎಂದರು. ಹೋಗುವುದಿಲ್ಲ ಎಂದೆ.

10-05ಕ್ಕೆ ಅಗ್ನಿಶಾಮಕದವರು ಜೆಸಿಬಿ ತರಿಸಿದರು. ಬಾವಿಗೆ ಆಗಲೇ ಮಣ್ಣು ತುಂಬಿದ್ದಾರೆ, ಪೈಪು ಸೋರಿ ಇಷ್ಟು ಜಾಗ ಮಾತ್ರ ಕುಸಿದಿದೆ, ಸುತ್ತ ಗಟ್ಟಿ ಇದೆ ಎಂದು ಪಕ್ಕದ ಮನೆಯ ನಟರಾಜು ಅಗ್ನಿಶಾಮಕದವರಿಗೆ ಧೈರ್ಯ ಹೇಳಿದರು. ಗಾಡಿ ಮೇಲೆ ಬಂದರೆ ಮೂರು ಚಪ್ಪಡಿಯೂ ಆಕೆಯ ತಲೆಗೇ ಎಂದು ನನಗೆ ಗೊತ್ತಿತ್ತು. ಬಾಯಿಬಿಟ್ಟರೆ ಬೀದಿಯ ಜನ ಚರ್ಮ ಸುಲಿಯುತ್ತಾರೆಂದು ಹೆದರಿದೆ. ಗಾಡಿ ಹತ್ತಿರವಾದಂತೆ ಅಂಚಿನ ಮಣ್ಣು, ಕಲ್ಲು ಉದುರಿ ಸುಬ್ಬಮ್ಮನ ಎದೆಯವರೆಗೆ ಬಂತು. ಆಗಲೂ ಆಕೆ ನನ್ನನ್ನೇ ನೋಡುತ್ತಿದ್ದರು. 10-16ಕ್ಕೆ ಗಾಡಿಯ ಮುಂದೆ ಅಡ್ಡ ಮಲಗಿ, "ನಿಲ್ಸಿ ಸಾ, ಕೆಳ್ಗೆಲ್ಲ ಟೊಳ್ಳು" ಎಂದು ಕೂಗಿದೆ. ಹೇಗೆ ಗೊತ್ತೆಂದು ಕೇಳಿದ್ದಕ್ಕೆ, ಹಳೇ ಗಾರೆಯವನು, ಸದ್ದಿನಲ್ಲೇ ತಿಳಿಯುತ್ತದೆ ಎಂದೆ. ಅದೂ ಸುಳ್ಳು.

ಏಣಿ ಅಡ್ಡ ಹಾಕಿ ಹಗ್ಗ ಬಿಟ್ಟು 12-50ಕ್ಕೆ ಆಕೆಯನ್ನು ಮೇಲೆತ್ತಿದರು. ಜೆಸಿಬಿ ಬರುವಾಗ ಉದುರಿದ ಕಲ್ಲು, ಮಣ್ಣಿನ ಭಾರಕ್ಕೆ ಅಡಿಯ ಚಪ್ಪಡಿ ಜರುಗಿ, ನಡುವೆ ಸಿಕ್ಕ ಬಲಗಾಲು ಜಜ್ಜಿಹೋಗಿತ್ತು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ನಾನು ಬಾಯಿಬಿಡದ ಆ ಹನ್ನೊಂದು ನಿಮಿಷದ ಹೊಣೆ ನನ್ನದು.

ಇಂದು ಬೆಳಿಗ್ಗೆ 8-30ಕ್ಕೆ ನೋಡಲು ಹೋಗಿದ್ದೆ. ಆಕೆ ವಾರ್ಡಿನವರಿಗೆಲ್ಲ ನನ್ನನ್ನು ತೋರಿಸಿ, "ನಮ್ಮ ಕೆಂಚಣ್ಣ ಇಲ್ದಿದ್ರೆ ನಾನು ಅಲ್ಲೇ ಮಣ್ಣಾಯ್ತಿದ್ದೆ" ಎಂದರು. ತಮಗೆ ಕೊಟ್ಟ ಇಡ್ಲಿಯಲ್ಲಿ ಒಂದನ್ನು ಬಲವಂತ ಮಾಡಿ ನನಗೆ ತಿನ್ನಿಸಿದರು. ತಿಂದೆ. ಅಲ್ಲಿಂದ ನೇರ ಇಲ್ಲಿಗೆ ಬಂದಿದ್ದೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದೀರಿ. ನಾನು ಹೇಳಿದಂತೆಯೇ ಇದೆ, ಎಲ್ಲ ನಿಜ. ಇದನ್ನು ಸುಬ್ಬಮ್ಮನವರಿಗೂ ತಾವೇ ಓದಿ ಹೇಳಬೇಕೆಂದು ಕೋರುತ್ತೇನೆ. ನಾನು ವಾರ್ಡಿನ ಬಾಗಿಲಾಚೆ ನಿಂತಿರುತ್ತೇನೆ.

ಸ್ಥಳ: ಹಾಸನ
ದಿನಾಂಕ: 14-08-2024
ಸಹಿ: ಕೆಂಚಯ್ಯ