ಸಹಿ ಹಾಕಿದವರಿಗೆ ಸನ್ಮಾನ

ಫೋಟೊ ಅಂಗಡಿಯ ಬೆಂಚಿನ ಮೇಲೆ ಗಂಡ ಹೆಂಡತಿ ಗುಸುಗುಸು ಶುರುಮಾಡಿದ್ದೇ ತಡ, ಪಕ್ಕದಲ್ಲಿ ಕೂತಿದ್ದ ಅಜ್ಜಿಯ ಕಿವಿ ಮೊರದಗಲ ಆಯ್ತು.

“ವರ್ಷವಿಡೀ ಹೊಳೆ ಕಸ ಎತ್ತಿದ್ದು ನೀನು. ಸನ್ಮಾನದ ಕಾಗದ ನನಗ್ಯಾಕೆ ಬಂತೇ?”

“ಹಾಜರಿ ಪುಸ್ತಕದಲ್ಲಿ ದಿನಾ ಸಹಿ ಹಾಕಿದ್ದು ಯಾರು?”

“ನಿಮ್ಮೆಲ್ಲರ ಕೈ ಕೆಸರಾಗಿರ್ತಿತ್ತು. ಅದಕ್ಕೇ ದಡದಲ್ಲಿ ಕೂತು ಎಲ್ಲರ ಪರವಾಗಿ ನಾನೇ ಹಾಕ್ದೆ.”

“ಸಾಲುಸಾಲೂ ನಿಮ್ಮದೇ ಸಹಿ! ಇವರೊಬ್ಬರೇ ಹೊಳೆ ತೊಳೆದ್ರು ಅಂದ್ಕೊಂಡಿದ್ದಾರೆ ಪಂಚಾಯ್ತಿ ಆಫೀಸಿನವರು.”

“ಹೋಗಿ ನಿಜ ಹೇಳಿಬಿಡ್ಲಾ?”

“ಪುಸ್ತಕಾನೇ ಸುಳ್ಳು ಅಂತ ಸನ್ಮಾನಾನೇ ರದ್ದು ಮಾಡಿದ್ರೆ?”

“ಹೇಳದೇ ಇದ್ರೆ?”

“ವೇದಿಕೆ ಹತ್ತಿ, ಹಾರ ಹಾಕಿಸ್ಕೊಳ್ಳಿ.”

“ನೀರು ಎಷ್ಟು ಆಳ ಇತ್ತು ಅಂತ ಕೇಳಿದ್ರೆ?”

“ಮೊಣಕಾಲುದ್ದ ಅನ್ನಿ. ನಿಮ್ಮನ್ನ ನೋಡಿದ್ರೆ ಅಷ್ಟೇ ನಂಬ್ತಾರೆ.”

“ನಿಜವಾಗ್ಲೂ ಎಷ್ಟಿತ್ತು?”

“ನನ್ನ ಕುತ್ತಿಗೆವರೆಗೆ.”

ಗಂಡ ಹೆಂಡತಿಯ ಕಡೆ ತಿರುಗಿ ಕೂತ. ಅಜ್ಜಿ ಇನ್ನೊಂಚೂರು ಹತ್ತಿರ ಜರುಗಿದಳು.

“ನಿನಗೆ ಆಸೆ ಇತ್ತೇನೇ?”

“ಏನಕ್ಕೆ?”

“ವೇದಿಕೆ ಮೇಲೆ ಕರೀಲಿ ಅಂತ.”

“ಇಲ್ಲ ಬಿಡಿ.” ಸೆರಗು ಸರಿಮಾಡ್ಕೊಂಡು, “ಒಂದೇ ಒಂದು ಸಲ,” ಅಂದಳು.

ಒಳಗಿಂದ ಫೋಟೊದವನು ಕೂಗಿದ: “ಸನ್ಮಾನಕ್ಕೆ ಫೋಟೊ ಯಾರದ್ದು?”

ಗಂಡ ಎದ್ದ. ಕೂತ. ಮತ್ತೆ ಎದ್ದು ಹೆಂಡತಿಯ ಕೈ ಹಿಡಿದು ಎಬ್ಬಿಸಿದ.

“ಇವಳದ್ದು!”

“ರೀ, ಆಫೀಸಿಗೆ ಏನಂತ ಹೇಳ್ತೀರಿ?”

“ನನಗೂ ಗೊತ್ತಿಲ್ಲ ಕಣೇ. ಮೊದಲು ತಲೆ ಬಾಚ್ಕೋ,” ಅಂತ ಅವಳನ್ನ ಮುಂದೆ ಬಿಟ್ಕೊಂಡು ಒಳಗೆ ನಡೆದ.