ವರ್ಷದಿಂದ ತೆರೆಯದ ಫೈಲು

ಆಸ್ಪತ್ರೆಯ ಲಿಫ್ಟಿಗೆ ಕಾಯುತ್ತಿದ್ದೆ. ಮುಂದೆ ಅಲ್ಲಿನ ಕಂಪ್ಯೂಟರ್ ವಿಭಾಗದ ಇಬ್ಬರು ನಿಂತಿದ್ದರು: ಗಡ್ಡ ನರೆತ ಮೇಲಧಿಕಾರಿ, ಅವರ ಕೈಕೆಳಗಿನ ಯುವತಿ.

“ಸರ್ವರ್ ಸರಿಹೋಯ್ತು ಸರ್. ಮೆಮೊರಿ ಸಾಲದೆ ಎಲ್ಲಾನೂ ಡಿಸ್ಕಿಗೆ ತುಂಬ್ತಾ ಇತ್ತು. ಅಲ್ಲೂ ಜಾಗ ಇರ್ಲಿಲ್ಲ.”

“ಮತ್ತೆ ಜಾಗ ಹೇಗೆ ಮಾಡ್ದೆ?”

“ನೀವು ಹೇಳಿದ ಹಾಗೇ. ವರ್ಷದಿಂದ ಯಾರೂ ಓಪನ್ ಮಾಡದ ಫೈಲೆಲ್ಲ ಡಿಲೀಟ್ ಮಾಡ್ದೆ.”

ಆಗಲೇ ಬೆಳಗುತ್ತಿದ್ದ ಲಿಫ್ಟಿನ ಗುಂಡಿಯನ್ನು ಮೇಲಧಿಕಾರಿ ಮತ್ತೆ ಒತ್ತಿದರು.

“ಅದರಲ್ಲಿ ನನ್ನ ಹೆಂಡತಿ ಧ್ವನಿ ಇತ್ತು ಕಣಮ್ಮ. ತೀರ್ಕೊಳ್ಳೋ ಮುಂಚೆ ವಾರ್ಡಲ್ಲಿ ರೆಕಾರ್ಡ್ ಮಾಡಿದ್ದು.”

“ಬ್ಯಾಕಪ್ಪಲ್ಲಿ ಇರತ್ತಲ್ಲ ಸರ್?”

“ಸ್ವಂತದ್ದು ಅಂತ ಅದಕ್ಕೆ ಸೇರಿಸಿರ್ಲಿಲ್ಲ.”

“ಒಂದ್ಸಲ ಓಪನ್ ಮಾಡಿದ್ರೂ ಉಳೀತಿತ್ತು ಸರ್.”

“ಕೇಳೋ ಧೈರ್ಯ ಬರ್ಲಿಲ್ಲ.”

ಲಿಫ್ಟ್ ಬಂತು. ಅವರು ಒಳಗೆ ಹೋದರು. ಯುವತಿ ಮೆಟ್ಟಿಲ ಕಡೆ ನಡೆದಳು.