ರಾಣಿಯ ಎರಡು ಪೆಟ್ಟಿಗೆ

ಮಧ್ಯಾಹ್ನದಿಂದ ಒಂದೇ ಸಮನೆ ಮಳೆ. ಹೊರಗಿನ ಕೆಲಸ ನಿಂತು ಕನ್ಯಾಮಠದ ಹೆಂಗಸರೆಲ್ಲ ಅಡುಗೆಮನೆಯ ಒಲೆಯ ಸುತ್ತ ಸೇರಿದ್ದರು. ಹೊಸದಾಗಿ ಮಠಕ್ಕೆ ಬಂದಿದ್ದ ಓದಿಲ್ ಮಾತ್ರ ಸಾರಿನ ಕೊಪ್ಪರಿಗೆಯ ಮುಂದೆ ಮುಖ ಊದಿಸಿಕೊಂಡು ನಿಂತಿದ್ದಳು. ಬೆಳಗ್ಗೆ ಅವಳು ಬಟಾಣಿ ಬೇಯಿಸುತ್ತಿದ್ದಾಗ ಬೆನ್ನ ಹಿಂದಿನಿಂದ ಯಾರೋ, "ನಿಮ್ಮಮ್ಮ ಇಷ್ಟೇನಾ ಕಲಿಸಿದ್ದು?" ಎಂದಿದ್ದರು. ಅವಳಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅಂದವಳು ಮುದುಕಿ ಪೆರೊನೆಲ್ಲೇ ಎಂದು ಅವಳಿಗೆ ಖಾತ್ರಿಯಿತ್ತು.

ಪೆರೊನೆಲ್ ಒಂದು ಕಾಲಕ್ಕೆ ರಾಣಿ ಯೋಲಾಂದಳ ದಾಸಿ. ರಾಣಿ ಸತ್ತ ಮೇಲೆ ಈ ಮಠ ಸೇರಿ ಮೂವತ್ತು ವರ್ಷವಾಗಿತ್ತು.

"ಅಜ್ಜೀ, ನಮ್ಮಮ್ಮನ ಸುದ್ದಿ ನಿಮಗ್ಯಾಕೆ? ನಾಳೇನೇ ನಮ್ಮೂರಿಗೆ ಹೊರಡ್ತೀನಿ, ನೋಡ್ತಿರಿ!" ಎಂದು ಓದಿಲ್ ಕೊನೆಗೂ ಸಿಡಿದಳು. ಕೇಳಿದ ಮಾತನ್ನೂ ಹೇಳಿದಳು.

ಅಜ್ಜಿ ಬಾಯಲ್ಲಿದ್ದ ರೊಟ್ಟಿಯ ಚೂರನ್ನು ನಿಧಾನವಾಗಿ ನುಂಗಿ, ಎಲ್ಲರನ್ನೂ ಹತ್ತಿರ ಕರೆದಳು.

"ಕೇಳ್ರಮ್ಮ... ನಮ್ ರಾಣಿಯಮ್ಮ ಟುಲೂಸ್ ಕಡೆ ಹುಡುಗಿ, ಹದಿಮೂರಕ್ಕೇ ಮದುವೆಯಾಗಿ ಅರಮನೆಗೆ ಬಂದ್ರು, ಬಂದ್ ದಿನದಿಂದ ಅತ್ತೆ ದೊಡ್ಡರಾಣಿ ಅವರನ್ನ ನೆಮ್ಮದಿಯಾಗಿ ಉಸಿರಾಡಕ್ಕೆ ಬಿಟ್ರಾ? ಕಸೂತಿ ಹಾಕಿದ್ರೆ 'ನಿಮ್ಮಮ್ಮ ಇಷ್ಟೇನಾ ಕಲಿಸಿದ್ದು?', ಕುಣಿದ್ರೆ 'ನಿಮ್ಮಮ್ಮ ಇಷ್ಟೇನಾ ಕಲಿಸಿದ್ದು?', ಕೊನೆಗೆ ಹೆಣ್ಣು ಹೆತ್ತಾಗ್ಲೂ ಅದೇ ಮಾತು! ಅದನ್ನೂ ಅಮ್ಮ ಕಲಿಸ್ತಾಳೇನ್ರಮ್ಮಾ? ಇನ್ನು ದೊರೆ... ತಾಯಿ ಕೆಮ್ಮಿದ್ರೆ ಸಾಕು, ದೊರೆ ಎದ್ದು ನಿಂತ್ಕೊಳ್ಳೋರು. ಆ ಕೂಸು ಮೂರು ವರ್ಷಕ್ಕೇ ಜ್ವರ ಬಂದು ಹೋಯ್ತು... ಈ ನಮ್ಮ ಮಠದ ಇಗರ್ಜಿಯಲ್ಲೇ ಮಣ್ಣು ಮಾಡಿದ್ರು.

"ದೊಡ್ಡರಾಣಿ ಹೋಗಿ ಹತ್ತು ವರ್ಷಕ್ಕೆ ರಾಣಿಯಮ್ಮನೂ ಹಾಸಿಗೆ ಹಿಡಿದ್ರು. ನನ್ನ ಕೈ ಹಿಡ್ಕೊಂಡು ಹೇಳಿದ್ರು: 'ಪೆರೊನೆಲ್, ರಾಜರ ಮನೇಲಿ ಹೆಣಾನೂ ಮೂರು ಪಾಲು. ಮೂಳೆ ದೊರೆಗಳ ಸಮಾಧಿಗೆ ಹೋಗ್ಲಿ. ಹೃದಯ ನನ್ನ ಮಗೂ ಪಕ್ಕ ಇಡ್ಸು. ಹೊಟ್ಟೆ, ಅತ್ತೆ ಮಲಗಿರೋ ಸನ್ಯಾಸಿಗಳ ಮಠಕ್ಕೆ ಕಳ್ಸು, ಅವರ ಮಾತೆಲ್ಲ ಅರಗಿಸ್ಕೊಂಡಿದ್ದು ಅದೇ ತಾನೇ!'

"ಹೃದಯ ಒಂದು ಸೀಸದ ಪೆಟ್ಟಿಗೆಗೆ, ಹೊಟ್ಟೆ ಇನ್ನೊಂದಕ್ಕೆ. ಹೃದಯಕ್ಕೆ ಕೆಂಪು ದಾರ, ಹೊಟ್ಟೆಗೆ ಹಸಿರು ದಾರ ಕಟ್ಟೋ ಕೆಲಸ ನಂದು. ವಾಸನೆ ತಡೀಲಿ ಅಂತ ವೈದ್ಯ ಒಂದ್ ಚೊಂಬು ದ್ರಾಕ್ಷಾರಸ ಕೊಟ್ಟ. ಅಳ್ತಾ ಕುಡ್ದೆ, ಕುಡೀತಾ ಕಟ್ದೆ... ಅದಲು ಬದಲು ಮಾಡ್ಬಿಟ್ಟೆ!

"ಆಮೇಲೆ ಈ ಅಡುಗೆಮನೇಲಿ ಮೀನಿನ ಕಡುಬು ಇಳಿಸಿದ್ದೇ ತಡ, ಮಾಯ. ಹತ್ತಿಟ್ರೆ ಏಳು. ಪಾಪ, ಬೆಕ್ಕಿಗೆ ಏಟು ಬಿತ್ತು. ಒಂದಿನ ಹಾಡುಹಗಲಲ್ಲಿ, ಇಗೋ ಇದೇ ಮಣೆ ಮೇಲೆ, ರಾಣಿಯಮ್ಮ ಬಾಯ್ತುಂಬ ಕಡುಬು ಇಟ್ಕೊಂಡು ಕೂತಿದ್ದಾರೆ! ಕಣ್ಣಲ್ಲಿ ನೀರು. 'ಹೊಟ್ಟೆ ಇಲ್ಲಿದೆ, ಹಸಿವಾಗುತ್ತೆ ಕಣೇ. ಹೃದಯ ಅಲ್ಲಿದೆ, ಅತ್ತೆ ಬೈತಾನೇ ಇದ್ದಾರೆ... ಮಗು ಅಳೋದು ಕೇಳ್ಸುತ್ತೆ, ಎತ್ಕೊಳ್ಳಕ್ಕೆ ಆಗಲ್ಲ' ಅಂದ್ರು.

"ಮಾರನೇ ದಿನ ಇಲ್ಲಿದ್ದ ಹೊಟ್ಟೆ ಪೆಟ್ಟಿಗೇನ ಬುಟ್ಟೀಲಿಟ್ಟು ಕತ್ತೆ ಮೇಲೆ ಹೇರ್ಕೊಂಡು ಆ ಸನ್ಯಾಸಿಗಳ ಮಠಕ್ಕೆ ಹೋದೆ. ಅಲ್ಲಿನ ಸನ್ಯಾಸಿ ಮೂಗು ಅರಳಿಸಿ 'ಏನದು?' ಅಂದ. 'ಹಳೇ ಚೀಸು, ಸ್ವಾಮಿ.' 'ಆಹಾ, ವಾಸನೇಲೇ ಗೊತ್ತಾಗುತ್ತೆ!' ಅಂತ ಚಾಕು ತರಕ್ಕೆ ಓಡ್ದ. ಅಷ್ಟರಲ್ಲಿ ಅತ್ತೆ ಸಮಾಧಿ ಪಕ್ಕದ ಗೂಡಿನಲ್ಲಿದ್ದ ಪೆಟ್ಟಿಗೆ ಬದಲಾಯ್ಸಿ ಬಂದ್ಬಿಟ್ಟೆ. ಹೃದಯಾನ ಮಗೂ ಪಕ್ಕ ಇಟ್ಟೆ. ಆವತ್ತಿಂದ ಇಲ್ಲಿ ಕಡುಬು ಮಾಯ ಆಗಿಲ್ಲ. ಅಲ್ಲಿ ಸನ್ಯಾಸಿಗಳು ಮಾತ್ರ ಒಬ್ಬರನ್ನೊಬ್ಬರು ಕಳ್ಳ ಅಂತಾರಂತೆ!"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಓದಿಲಳಿಗೂ ನಗು ತಡೆಯಲಾಗಲಿಲ್ಲ.

"ನಗಿ, ನಗಿ... ನಾನೊಂದು ಯೋಚ್ನೆ ಮಾಡಿರ್ಲಿಲ್ಲ. ಸೊಸೆ ಎದ್ದು ಬಂದ್ರೆ ಅತ್ತೆ ಅಲ್ಲಿ ಬರೀ ಹೊಟ್ಟೆಗೆ ಬೈತಾ ಕೂರ್ತಾರಾ? ಹುಡುಕ್ಕೊಂಡು ಇಲ್ಲೀವರೆಗೂ ಬಂದ್ರು. ಬಂದು ನೋಡಿದ್ರೆ ಸೊಸೆ ಮಗೂನ ತಬ್ಕೊಂಡು ಮಲಗಿದ್ದಾರೆ, ಇವರ ಮಾತು ಕಿವಿಗೇ ಹಾಕ್ಕೊಳ್ಳಲ್ಲ. ಬೈಸ್ಕೊಳ್ಳಕ್ಕೆ ಯಾರಾದ್ರೂ ಬೇಕಲ್ಲ, ಮಗಳೇ?"

ಓದಿಲಳ ಕೈಯಲ್ಲಿದ್ದ ಸೌಟು ನಿಂತಿತು. "ಅಂದ್ರೆ... ಬೆಳಗ್ಗೆ ಅಂದಿದ್ದು ನೀವಲ್ವಾ?"

"ಬೆಳಗ್ಗೆಲ್ಲ ನಾನು ತೊರೇಲಿ ಬಟ್ಟೆ ಒಗೀತಿದ್ದೆ, ಕೇಳು ಇವರನ್ನ. ನಿಮ್ಮಮ್ಮ ಚೆನ್ನಾಗೇ ಕಲಿಸಿದ್ದಾಳೆ ಕಣೇ, ಸಾರು ಘಮಘಮ ಅಂತಿದೆ. ಊರಿಗೆ ಹೋಗ್ಬೇಡ, ಹೋದ್ರೂ ಬೆನ್ನ ಹಿಂದೇನೇ ಬರ್ತಾರೆ..." ಅಜ್ಜಿ ಓದಿಲಳ ಹೆಗಲಾಚೆ ನೋಡಿ ವಿನಯದಿಂದ ತಲೆ ಬಾಗಿಸಿದಳು. "ಸ್ವಲ್ಪ ಪಕ್ಕಕ್ಕೆ ಸರಿ, ಮಗಳೇ. ಅವರು ಕೊಪ್ಪರಿಗೆ ಒಳಗೆ ಇಣುಕ್ತಿದ್ದಾರೆ, ನೀನು ಅಡ್ಡ ನಿಂತಿದ್ದೀಯ."